ಗಾಡಿಗೆ ನೀರು ಹೊಕ್ಕರೆ: ಕಿಲುಬು ಹಿಡಿದ ವೈರಿಂಗ್ ಉಳಿಸಿಕೊಳ್ಳುವ ಹನ್ನೆರಡು ಸೂತ್ರಗಳು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಯಲ್ಲಿ ವರ್ಷದ ಬಹುಪಾಲು ದಿನ ಬಿಸಿಲು, ಧೂಳು, ಗಾಳಿ. ಇಲ್ಲಿ ಗಾಡಿ ಇಟ್ಟುಕೊಂಡವರು ಟೈರು, ಡೀಸೆಲ್, ರೇಡಿಯೇಟರ್ ಬಗ್ಗೆ ತಲೆ ಕೆಡಿಸಿಕೊಳ್ಳುವಷ್ಟು ನೀರಿನ ಬಗ್ಗೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಉತ್ತರಿ, ಹಸ್ತ, ಚಿತ್ತಿ ಮಳೆ ಒಮ್ಮೆ ಹಿಡಿದರೆ ಕಪ್ಪತಗುಡ್ಡದ ಇಳಿಜಾರಿನ ಹಳ್ಳಗಳು ತಾಸು ಹೊತ್ತಿನಲ್ಲಿ ತುಂಬಿ ರಸ್ತೆ ಮೇಲೆ ಹರಿಯುತ್ತವೆ. ಶಿರಹಟ್ಟಿಯ ಹೊಳೆಇಟಗಿ, ಮುಂಡರಗಿಯ ಕೊರ್ಲಹಳ್ಳಿ, ಹಮ್ಮಿಗಿ ಕಡೆ ತುಂಗಭದ್ರೆಯ ಭಯ ಬೇರೆ. 2019ರ ಆಗಸ್ಟ್‌ನಲ್ಲಿ ಇದೇ ಗದಗ ಜಿಲ್ಲೆಯ ಉತ್ತರದಲ್ಲಿ ಮಲಪ್ರಭೆ ಉಕ್ಕಿ, ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಕೊಣ್ಣೂರಿಗೂ ರೋಣ ತಾಲ್ಲೂಕಿನ ಹೊಳೆಆಲೂರಿಗೂ ನೀರು ನುಗ್ಗಿದ್ದನ್ನು ಈ ಭಾಗದವರು ಮರೆತಿಲ್ಲ.

ನೆರೆ ಇಳಿದ ಮೇಲೆ ಎಂಜಿನ್ ಸರಿಹೋಗುತ್ತದೆ, ಸೀಟು ಒಣಗುತ್ತದೆ. ವೈರಿಂಗ್ ಮಾತ್ರ ಆರು ತಿಂಗಳ ಮೇಲೆ ತೊಂದರೆ ಕೊಡಲು ಶುರು ಮಾಡುತ್ತದೆ. ಅಷ್ಟು ಹೊತ್ತಿಗೆ ನೀರಿನ ನೆನಪು ಹೋಗಿರುತ್ತದೆ, ಮಾಲೀಕ ಬ್ಯಾಟರಿ ಬದಲಿಸುತ್ತಾನೆ, ಸೆಲ್ಫ್ ಮೋಟರ್ ಬದಲಿಸುತ್ತಾನೆ, ದುಡ್ಡು ಸುರಿಯುತ್ತಾನೆ. ಆ ದುಡ್ಡು ಉಳಿಯಬೇಕೆಂದೇ ಈ ಸೂತ್ರಗಳು.

1. ನೀರಲ್ಲಿ ನಿಂತ ಗಾಡಿಗೆ ಕೀ ತಿರುಗಿಸಬೇಡಿ

ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗದು. ಸಿಲಿಂಡರ್‌ನೊಳಗೆ ನೀರು ಸೇರಿದಾಗ ಸೆಲ್ಫ್ ಹೊಡೆದರೆ ಪಿಸ್ಟನ್ ನೀರಿಗೆ ಬಡಿದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಾಲ್ಕು ಜನ ಸೇರಿ ದೂಡಿ ಸ್ಟಾರ್ಟ್ ಮಾಡಿದರೂ ಅದೇ ಗತಿ. ಏರ್ ಫಿಲ್ಟರ್ ಬಿಚ್ಚಿ ನೋಡಿ. ಅದು ಒದ್ದೆಯಾಗಿದ್ದರೆ ಪ್ಲಗ್ ಅಥವಾ ಇಂಜೆಕ್ಟರ್ ತೆಗೆದು ನೀರು ಹೊರಹಾಕುವವರೆಗೆ ಎಂಜಿನ್ ತಿರುಗಬಾರದು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದರೊಳಗೆ ನೀರು ಸೇರಿದೆ. ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಿಸಿ. ಡೀಸೆಲ್ ಗಾಡಿಯಾದರೆ ಡೀಸೆಲ್ ಫಿಲ್ಟರ್ ಕೆಳಗಿನ ತಿರುಪನ್ನು ಸಡಿಲಿಸಿ ನೀರು ಬಸಿಯಿರಿ.

2. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ, ಅದೂ ಬೇಗ

ಎಲ್ಲಕ್ಕಿಂತ ಹೆಚ್ಚು ಉಳಿತಾಯ ತರುವ ಕೆಲಸ ಇದು, ಹೆಚ್ಚು ಜನ ಮರೆಯುವುದೂ ಇದನ್ನೇ. ತಂತಿಗಳನ್ನು ಕೂಡಿಸುವ ಕಪ್ಲರ್‌ನೊಳಗೆ ನೀರಿದ್ದು ಅದರಲ್ಲಿ ಕರೆಂಟೂ ಇದ್ದರೆ, ಶಾಲೆಯಲ್ಲಿ ಓದಿದ ವಿದ್ಯುದ್ವಿಭಜನೆ ಅಲ್ಲೇ ನಡೆಯುತ್ತದೆ. ಪಾಸಿಟಿವ್ ಪಿನ್ ಕರಗುತ್ತದೆ, ಪಕ್ಕದಲ್ಲಿ ಹಸಿರು ಕಿಲುಬು ಬೆಳೆಯುತ್ತದೆ. ಕರೆಂಟಿಲ್ಲದೆ ಒದ್ದೆಯಾದ ಪಿನ್ ಕೆಡಲು ತಿಂಗಳುಗಳು ಬೇಕು, ಕರೆಂಟಿದ್ದರೆ ಕೆಲವೇ ದಿನ ಸಾಕು. ಕೀ ಆಫ್ ಇದ್ದರೂ ಗಡಿಯಾರ, ಸೆಂಟ್ರಲ್ ಲಾಕ್, ಇಸಿಯು ಇವುಗಳಿಗೆ ಕರೆಂಟ್ ಹೋಗುತ್ತಲೇ ಇರುತ್ತದೆ. ಬಾಗಿಲು, ಡಿಕ್ಕಿ ತೆರೆದಿಟ್ಟ ಮೇಲೆ ಟರ್ಮಿನಲ್ ಬಿಚ್ಚಿ, ಇಲ್ಲದಿದ್ದರೆ ಸೆಂಟ್ರಲ್ ಲಾಕ್ ಕೆಲಸ ಮಾಡುವುದಿಲ್ಲ.

ಎಲೆಕ್ಟ್ರಿಕ್ ಕಾರು, ಎಲೆಕ್ಟ್ರಿಕ್ ಆಟೋ ಇದ್ದವರಿಗೆ ಬೇರೆ ಮಾತು. ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳನ್ನು ಮುಟ್ಟಲೇಬೇಡಿ. ಮುಳುಗಿದ್ದರೆ ಚಾರ್ಜಿಗೆ ಹಾಕದೆ, ಮನೆ ಗೋಡೆಯಿಂದ ದೂರ ನಿಲ್ಲಿಸಿ ಕಂಪನಿಯವರನ್ನು ಕರೆಯಿರಿ.

3. ತೊಳೆಯುವ ಮೊದಲು ಫೋಟೊ

ನೀರಿನ ಗುರುತು ಎಲ್ಲಿಯವರೆಗೆ ಬಂದಿದೆ, ಒಳಗೆ ಎಷ್ಟು ಕೆಸರಿದೆ, ನಂಬರ್ ಪ್ಲೇಟು, ಮೀಟರು ಎಲ್ಲವನ್ನೂ ಮೊಬೈಲಿನಲ್ಲಿ ತೆಗೆದು, ಅಂದೇ ವಿಮಾ ಕಂಪನಿಗೆ ತಿಳಿಸಿ. ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ನೆರೆಹಾನಿಗೆ ಒಂದು ಪೈಸೆಯೂ ಬರುವುದಿಲ್ಲ. ಓನ್ ಡ್ಯಾಮೇಜ್ ಸೇರಿದ ಪಾಲಿಸಿ ಬೇಕು. ಅದರಲ್ಲೂ ನೀರು ಹೊಕ್ಕ ಎಂಜಿನ್ನಿನ ಖರ್ಚಿಗೆ ಸಾಮಾನ್ಯವಾಗಿ ಎಂಜಿನ್ ಪ್ರೊಟೆಕ್ಷನ್ ಎಂಬ ಹೆಚ್ಚುವರಿ ರಕ್ಷಣೆ ಬೇಕಾಗುತ್ತದೆ. ರಿಪೇರಿ ಖರ್ಚು ಐಡಿವಿಯ, ಅಂದರೆ ಪಾಲಿಸಿಯಲ್ಲಿ ನಮೂದಾದ ಗಾಡಿಯ ಬೆಲೆಯ, 75 ಪ್ರತಿಶತ ದಾಟಿದರೆ ಗಾಡಿ ಪೂರ್ತಿ ಹೋಯಿತೆಂದು ಲೆಕ್ಕ ಹಾಕುವ ನಿಯಮವಿದೆ. ತೀರಾ ಮುಳುಗಿದ ಹಳೆ ಗಾಡಿಗೆ ರಿಪೇರಿಗಿಂತ ಅದೇ ಲಾಭ.

4. ಎರಿ ಮಣ್ಣು ಒಣಗುವ ಮೊದಲೇ ತೊಳೆಯಿರಿ

ನಮ್ಮ ಎರಿ ಮಣ್ಣಿನ ಕೆಸರು ನುಣ್ಣಗಿದ್ದು ಕಪ್ಲರ್‌ನ ಸಣ್ಣ ಸಂದಿಗೂ ಹೋಗುತ್ತದೆ. ಒಣಗಿದರೆ ಬಿಗಿದುಕೊಳ್ಳುತ್ತದೆ, ಮುಂದಿನ ಮಳೆಗೆ ಮತ್ತೆ ತೇವ ಹೀರಿ ಉಬ್ಬುತ್ತದೆ. ಹಸಿ ಇರುವಾಗಲೇ ಸಣ್ಣ ಧಾರೆಯಲ್ಲಿ ಸಿಹಿ ನೀರು ಬಿಟ್ಟು ತೊಳೆಯಿರಿ. ಬೋರಿನ ಸವಳು ನೀರು ಬೇಡ. ಅದು ಆರಿದ ಮೇಲೆ ಬಿಳಿ ಉಪ್ಪು ಉಳಿಯುತ್ತದೆ, ಆ ಉಪ್ಪೇ ಮುಂದೆ ಕಿಲುಬಿಗೆ ದಾರಿ. ಪ್ರೆಷರ್ ಪಂಪನ್ನು ಫ್ಯೂಸ್ ಬಾಕ್ಸ್, ಆಲ್ಟರ್ನೇಟರ್, ಬೈಕಿನ ಸೀಟಿನ ಕೆಳಭಾಗಕ್ಕೆ ಹಿಡಿಯಲೇಬೇಡಿ.

ಆಮೇಲೆ ಒಂದೊಂದೇ ಕಪ್ಲರ್ ಬಿಚ್ಚಿ. ಬಿಚ್ಚುವ ಮೊದಲು ಫೋಟೊ ತೆಗೆದರೆ ಮರಳಿ ಕೂಡಿಸುವಾಗ ಗೊಂದಲವಾಗದು. ಪಿನ್ನುಗಳನ್ನು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ನೆರಳಲ್ಲಿ ಗಾಳಿಗೆ ಒಣಗಿಸಿ. ಹೇರ್ ಡ್ರೈಯರ್ ಬಳಸಬಹುದು, ಪೇಂಟ್ ಸುಡುವ ಹಾಟ್ ಏರ್ ಗನ್ ಬೇಡ. ಪೆಟ್ರೋಲ್ ಹಾಕಿ ತೊಳೆಯುವ ರೂಢಿ ಇದೆ, ಅದು ರಬ್ಬರ್ ಸೀಲನ್ನೂ ತಿನ್ನುತ್ತದೆ, ಬೆಂಕಿಯ ಅಪಾಯವೂ ಇದೆ. ಡಬ್ಲ್ಯೂಡಿ-40 ನೀರನ್ನು ಓಡಿಸುತ್ತದೆ ನಿಜ, ಮುಂದಿನ ಮಳೆಯಿಂದ ಕಾಯುವುದಿಲ್ಲ. ಪೂರ್ತಿ ಒಣಗಿದ ಮೇಲೆ ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಸವರಿ ಕೂಡಿಸಿ.

5. ಗೊಬ್ಬರ, ಕುರಿ ಹೇರುವ ಗಾಡಿಗೆ ಬೇರೆ ಲೆಕ್ಕ

ನೆರೆ ಬಾರದೆಯೂ ವೈರಿಂಗ್ ಕೆಡುತ್ತದೆ. ಪಿಕಪ್, ಟಾಟಾ ಏಸ್, ಟ್ರ್ಯಾಕ್ಟರ್ ಟ್ರೇಲರ್‌ಗಳಲ್ಲಿ ಯೂರಿಯಾ, ಪೊಟ್ಯಾಶ್ ಚೀಲ ಹೇರುತ್ತೇವೆ, ಅವು ಸೋರುತ್ತವೆ. ಪೊಟ್ಯಾಶ್ ಎಂದು ನಾವು ಕರೆಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಸಂಬಂಧಿ. ಕಬ್ಬಿಣವನ್ನೂ ತಾಮ್ರವನ್ನೂ ತಿನ್ನುತ್ತದೆ. ಯೂರಿಯಾ ತೇವಕ್ಕೆ ಒಡೆದು ಅಮೋನಿಯಾ ಬಿಡುತ್ತದೆ, ಅದು ತಾಮ್ರದ ತಂತಿಗೂ ಹಿತ್ತಾಳೆ ಪಿನ್ನಿಗೂ ಶತ್ರು. ಕುರಿ, ಆಡು ಸಾಗಿಸುವ ಗಾಡಿಯ ತಳದಲ್ಲಿ ಉಚ್ಚೆಯಿಂದಲೂ ಅದೇ ಅಮೋನಿಯಾ. ಬೇಸಿಗೆಯಲ್ಲಿ ಪುಡಿ ಸುಮ್ಮನೆ ಕೂತಿರುತ್ತದೆ, ರೋಹಿಣಿ ಮಳೆಯ ಮೊದಲ ಹನಿಗೆ ಕೆಲಸ ಶುರು ಮಾಡುತ್ತದೆ. ಹೇರಿದ ದಿನವೇ ತಳ ಗುಡಿಸಿ, ಹಿಂದಿನ ಲೈಟಿನ ಕಪ್ಲರ್ ಇರುವ ಚಾಸಿಸ್ ಭಾಗವನ್ನು ತೊಳೆದು ಒಣಗಿಸಿ. ಹೊಸ ಗಾಡಿ ಕೊಂಡವರು ತಳದ ವೈರಿಂಗಿಗೆ ಮೊದಲ ದಿನವೇ ಕೊಳವೆ ಹೊದಿಸಿಕೊಂಡರೆ ಒಳ್ಳೆಯದು.

6. ಲೈಟು ಮಂದವಾದರೆ ಮೊದಲು ಅರ್ಥ್ ನೋಡಿ

ಗಾಡಿಯ ಬಾಡಿಯೇ ನೆಗೆಟಿವ್ ತಂತಿಯ ಕೆಲಸ ಮಾಡುತ್ತದೆ. ಬ್ಯಾಟರಿಯಿಂದ ಹೊರಟ ಕರೆಂಟ್ ಬಲ್ಬು ಬೆಳಗಿಸಿ ಚಾಸಿಸ್ ಮೂಲಕ ಮರಳುತ್ತದೆ. ಅರ್ಥ್ ಬೋಲ್ಟಿನ ಕೆಳಗೆ ಜಂಗು ಹಿಡಿದರೆ ಮರಳುವ ದಾರಿ ಕಟ್ಟಿಕೊಳ್ಳುತ್ತದೆ. ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟು ಮಿಣುಕುತ್ತದೆಯೇ? ಹಾರ್ನ್ ಒತ್ತಿದರೆ ಹೆಡ್‌ಲೈಟು ಕುಂದುತ್ತದೆಯೇ? ಅದು ನಿಮ್ಮ ಅರ್ಥ್ ಕೂಗಿ ಹೇಳುತ್ತಿರುವುದು. ಬೋಲ್ಟ್ ಬಿಚ್ಚಿ, ಕೆಳಗಿನ ಬಣ್ಣ, ಜಂಗು ಎಲ್ಲ ಉಜ್ಜಿ ಹೊಳೆಯುವ ಲೋಹ ಕಾಣಿಸಿ, ಬಿಗಿದು, ಮೇಲೆ ಗ್ರೀಸ್ ಸವರಿ. ಹತ್ತು ನಿಮಿಷದ ಕೆಲಸ.

ಇದನ್ನು ಟ್ರೇಲರ್ ಇದ್ದವರು ಎರಡು ಸಲ ಓದಬೇಕು. ಕಬ್ಬಿನ ಹಂಗಾಮಿನಲ್ಲಿ ಮುಂಡರಗಿ ತಾಲ್ಲೂಕಿನ ಗಂಗಾಪುರದ ಸಕ್ಕರೆ ಕಾರ್ಖಾನೆಯತ್ತ ರಾತ್ರಿಯೆಲ್ಲ ಟ್ರ್ಯಾಕ್ಟರ್‌ಗಳು ಹೋಗುತ್ತವೆ. ಎಷ್ಟೋ ಟ್ರೇಲರ್‌ಗಳಿಗೆ ಪ್ರತ್ಯೇಕ ಅರ್ಥ್ ತಂತಿಯೇ ಇರುವುದಿಲ್ಲ. ಕರೆಂಟ್ ಮರಳುವುದು ಕೊಂಡಿಯ ಪಿನ್ನಿನ ಮೂಲಕ. ಆ ಪಿನ್ನಿಗೆ ಕೆಸರು, ಜಂಗು, ಗ್ರೀಸು ಮೆತ್ತಿದರೆ ಹಿಂದಿನ ದೀಪ ಹಳ್ಳಕ್ಕೊಮ್ಮೆ ಆರುತ್ತದೆ, ಉಬ್ಬಿಗೊಮ್ಮೆ ಹತ್ತುತ್ತದೆ. ಹಿಂದೆ ಬರುವ ಬೈಕ್ ಸವಾರನಿಗೆ ಕಬ್ಬಿನ ರಾಶಿ ಕಾಣುವ ಹೊತ್ತಿಗೆ ಬ್ರೇಕ್ ಹಾಕಲು ಜಾಗ ಉಳಿದಿರುವುದಿಲ್ಲ. ಟ್ರೇಲರ್ ಸಾಕೆಟ್‌ನಿಂದ ಹಿಂದಿನ ಲೈಟಿನವರೆಗೆ 2.5 ಚದರ ಮಿಲಿಮೀಟರ್‌ನ ಒಂದು ಪ್ರತ್ಯೇಕ ಅರ್ಥ್ ತಂತಿ ಎಳೆಸಿ. ಸಾಕೆಟ್ಟಿಗೆ ಮುಚ್ಚಳ ಇರಲಿ, ಬಾಯಿ ಕೆಳಮುಖವಾಗಿರಲಿ. ಕೆಂಪು ರಿಫ್ಲೆಕ್ಟರ್ ಪಟ್ಟಿ ಇದ್ದರೂ ಇದು ಬೇಕು. ಒಂದು ಜೀವಕ್ಕಿಂತ ಈ ತಂತಿ ದುಬಾರಿಯಲ್ಲ.

7. ಮಲ್ಟಿಮೀಟರ್ ಇಟ್ಟುಕೊಳ್ಳಿ, ಲೋಡ್ ಕೊಟ್ಟು ಅಳೆಯಿರಿ

ಬೀಪ್ ಶಬ್ದ ಬಂತೆಂದರೆ ತಂತಿ ಸರಿ ಇದೆ ಎಂದು ನಂಬಬೇಡಿ. ಇಪ್ಪತ್ತು ಎಳೆಗಳಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ. ಆ ಒಂದು ಎಳೆ ಹೆಡ್‌ಲೈಟಿನ ಹೊರೆ ಹೊರಲಾರದು. ಲೈಟ್ ಹಾಕಿಟ್ಟು, ಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ, ಒಂದು ಮುಳ್ಳು ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಬಲ್ಬಿನ ಅರ್ಥ್ ಪಿನ್ನಿಗೆ ಇಡಿ. 0.2 ವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ. ಒಂದು ವೋಲ್ಟ್ ತೋರಿಸಿದರೆ ಕಿಲುಬು ಆ ದಾರಿಯಲ್ಲೇ ಇದೆ. ಹಳೆ ಬಗೆಯ ಬಲ್ಬಿಗೆ ವೋಲ್ಟೇಜು ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬೆಳಕು ಸುಮಾರು ಮೂರರಲ್ಲಿ ಒಂದು ಪಾಲು ಕುಗ್ಗುತ್ತದೆ.

ಬ್ಯಾಟರಿಯನ್ನೂ ಹೀಗೇ ನೋಡಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜು, 12ಕ್ಕೆ ಇಳಿದರೆ ಬಹುತೇಕ ಖಾಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ಬರಬೇಕು. ಟರ್ಮಿನಲ್ ಮೇಲಿನ ಬಿಳಿ, ನೀಲಿ ಪುಡಿಗೆ ಬಿಸಿನೀರಿನಲ್ಲಿ ಕದಡಿದ ಅಡುಗೆ ಸೋಡಾ ಸಾಕು. ಅದು ಬ್ಯಾಟರಿಯೊಳಗೆ ಹೋಗದಂತೆ ನೋಡಿಕೊಳ್ಳಿ.

8. ಕಪ್ಪಾದ ತಂತಿಗೆ ಕನಿಕರ ಬೇಡ

ನೀರು ತಂತಿಯ ಎಳೆಗಳ ನಡುವೆ ಬತ್ತಿಯಲ್ಲಿ ಎಣ್ಣೆ ಏರಿದಂತೆ ಏರುತ್ತದೆ. ಹಾಗಾಗಿ ತುದಿಯಲ್ಲಿ ಕಂಡ ಕಿಲುಬು ಒಳಗೆ ಎಷ್ಟು ದೂರ ಹೋಗಿದೆಯೋ ಹೊರಗಿನಿಂದ ತಿಳಿಯದು. ಇನ್ಸುಲೇಶನ್ ಸುಲಿಯುತ್ತ ಹೋಗಿ, ತಾಮ್ರ ಕೆಂಪಗೆ ಹೊಳೆಯುವವರೆಗೆ ಕತ್ತರಿಸಿ. ಅದೇ ದಪ್ಪದ, ಅದೇ ಬಣ್ಣದ ತಂತಿ ಸೇರಿಸಿ ಕ್ರಿಂಪ್ ಮಾಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಹಾಕಿ ಕಾಯಿಸಿ. ತಿರುಚಿ ಕಪ್ಪು ಟೇಪ್ ಸುತ್ತುವುದು ನಮ್ಮ ಬೇಸಿಗೆಗೆ ನಿಲ್ಲುವುದಿಲ್ಲ. ಏಪ್ರಿಲ್ ಬಿಸಿಲಿಗೆ ಅಂಟು ಕರಗಿ ಜಾರುತ್ತದೆ, ಜೂನಿನಲ್ಲಿ ಆ ಸಂದಿಗೆ ನೀರು. ಹುಳಿ ವಾಸನೆ ಬರುವ ಸಿಲಿಕೋನ್ ಕೂಡ ಬೇಡ. ಅದು ಆರುವಾಗ ಬಿಡುವ ಅಸಿಟಿಕ್ ಆಮ್ಲ ತಾಮ್ರವನ್ನೇ ತಿನ್ನುತ್ತದೆ.

9. ಫ್ಯೂಸ್ ಹೋದರೆ ದೊಡ್ಡ ಫ್ಯೂಸ್ ಹಾಕಬೇಡಿ

ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಕೆಂಪು ಇದ್ದ ಜಾಗಕ್ಕೆ ಕೆಂಪೇ. ಹಸಿರು ಹಾಕಿದರೆ, ಸಿಗರೇಟಿನ ಬೇಗಡೆ ಸುತ್ತಿದರೆ, ಫ್ಯೂಸ್ ಬದಲು ತಂತಿಯೇ ಉರಿಯುತ್ತದೆ. ಹತ್ತಿ ಅಂಡಿಗೆ ಹೇರಿದ ಗಾಡಿಯಲ್ಲಿ ಇದು ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ.

10. ನೀರು ಬಂದ ದಾರಿ ಹುಡುಕದೆ ರಿಪೇರಿ ಮುಗಿಸಬೇಡಿ

ಬದಲಿಸಿದ ಕಪ್ಲರ್ ಮುಂದಿನ ವರ್ಷ ಮತ್ತೆ ಕೆಟ್ಟರೆ ಅದಕ್ಕೆ ಇದೇ ಕಾರಣ. ಗಾಜಿನ ಕೆಳಗಿನ ಗಾಳಿಜಾಲರಿಯಲ್ಲಿ ಬೇವಿನೆಲೆ ತುಂಬಿ ನೀರು ಬಸಿಯುವ ತೂತು ಮುಚ್ಚಿರುತ್ತದೆ. ಬಾಗಿಲಿನ ತಳದ ತೂತುಗಳನ್ನು ಎರಿ ಮಣ್ಣು ಕಟ್ಟಿರುತ್ತದೆ. ಮ್ಯೂಸಿಕ್ ಸಿಸ್ಟಮ್, ಫಾಗ್ ಲ್ಯಾಂಪ್ ಹಾಕಿಸುವಾಗ ಫೈರ್‌ವಾಲ್‌ಗೆ ಕೊರೆದ ತೂತಿಗೆ ರಬ್ಬರ್ ಹಾಕಿರುವುದಿಲ್ಲ. ಒಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಲಿ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಕೆಳಗಿನಿಂದ ಮೇಲಕ್ಕೆ ಒಂದೊಂದೇ ಭಾಗ ನೋಡುತ್ತ ಹೋಗಿ. ಕಾರ್ಪೆಟ್ ಎತ್ತಿ ಅದರಡಿಯ ಸ್ಪಂಜನ್ನು ಬಿಸಿಲಿಗೆ ಹಾಕಿ. ಮೇಲೆ ಒಣಗಿದರೂ ಸ್ಪಂಜು ವಾರಗಟ್ಟಲೆ ನೀರು ಹಿಡಿದಿರುತ್ತದೆ. ಹೊಸ ತಂತಿ ಎಳೆಯುವಾಗ ಕಪ್ಲರ್‌ಗೆ ಸೇರುವ ಮುಂಚೆ ಸ್ವಲ್ಪ ಜೋತುಬಿಡಿ. ಹರಿದು ಬಂದ ಹನಿ ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ. ಇಲಿ ಕಡಿದ ಗುರುತನ್ನೂ ನೋಡಿ, ಕಾಳು ಇಡುವ ಮನೆಯ ಪಕ್ಕ ನಿಲ್ಲುವ ಗಾಡಿಗೆ ಅದರ ಕಾಟ ಖಂಡಿತ.

11. ಹಳದಿ ಕಪ್ಲರ್ ಮುಟ್ಟಬೇಡಿ

ಏರ್‌ಬ್ಯಾಗ್ ವೈರಿಂಗ್ ಸಾಮಾನ್ಯವಾಗಿ ಹಳದಿ. ಅದಕ್ಕೆ ಟೆಸ್ಟ್ ಲ್ಯಾಂಪ್, ಮೀಟರ್ ಯಾವುದನ್ನೂ ತಾಗಿಸಬಾರದು, ಬ್ಯಾಗ್ ಸಿಡಿಯಬಹುದು. ಅದು ಒದ್ದೆಯಾಗಿದ್ದರೆ ಕಂಪನಿ ವರ್ಕ್‌ಶಾಪಿಗೇ ಒಯ್ಯಿರಿ. ಬಾಡಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಬಿಚ್ಚಿಸುವುದನ್ನು ಮರೆಯದಿರಿ.

12. ಹಳೆ ಗಾಡಿ ಕೊಳ್ಳುವಾಗ ಸೀಟ್ ಬೆಲ್ಟ್ ಪೂರ್ತಿ ಎಳೆಯಿರಿ

ನೆರೆಯಲ್ಲಿ ಮುಳುಗಿದ ಗಾಡಿಗಳು ತೊಳೆದು, ಪಾಲಿಶ್ ಆಗಿ ದೂರದ ಊರುಗಳಲ್ಲಿ ಮಾರಾಟಕ್ಕೆ ಬರುತ್ತವೆ. ಬೆಲ್ಟನ್ನು ಕೊನೆಯವರೆಗೆ ಎಳೆದರೆ ಕೆಸರಿನ ಗೆರೆ ಕಾಣಬಹುದು, ಯಾಕೆಂದರೆ ಅಲ್ಲಿಯವರೆಗೆ ಯಾರೂ ತೊಳೆಯುವುದಿಲ್ಲ. ಸೀಟಿನ ಬೋಲ್ಟಿಗೆ ಜಂಗು, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಒಣ ಮಣ್ಣು, ಹೆಡ್‌ಲೈಟಿನೊಳಗೆ ಮಂಜು, ಹಳೆ ಗಾಡಿಗೆ ಹೊಚ್ಚ ಹೊಸ ಕಾರ್ಪೆಟ್, ಕಾರಣವಿಲ್ಲದೆ ಗಾಢ ಪರಿಮಳ. ಇವುಗಳಲ್ಲಿ ಎರಡು ಕಂಡರೂ ಫ್ಯೂಸ್ ಬಾಕ್ಸ್ ತೆಗೆದು ತೋರಿಸಲು ಕೇಳಿ. ಪಿನ್ನುಗಳ ಬುಡದಲ್ಲಿ ಹಸಿರು ಕಂಡರೆ ಬೆಲೆ ಎಷ್ಟೇ ಇಳಿಸಿದರೂ ಆ ಗಾಡಿ ಬೇಡ.