ದರ್ಶನವೂ ಆಚರಣೆಯೂ

ಕಂಡ ಸತ್ಯವು ಕಂಡವನೊಬ್ಬನ ಸೊತ್ತಲ್ಲ. ಜನಹಿತಕ್ಕಾಗಿ ಅದು ನಡೆಯಲ್ಲಿ ಮೂಡದಿದ್ದರೆ ಕಂಡವನನ್ನೇ ಬಾಧಿಸುವುದು. ಉತ್ತರ ಅಮೇರಿಕೆಯ ಸೂ ಜನಾಂಗದ ಓಗ್ಲಾಲ ಲಕೋಟ ಪಂಗಡದಲ್ಲಿ 1863ರಲ್ಲಿ ಜನಿಸಿದ ಹೆಹಾಕ ಸಾಪ, ಅರ್ಥಾತ್ ಬ್ಲ್ಯಾಕ್ ಎಲ್ಕ್ ಎಂಬ ಹಿರಿಯನ ಬಾಳು ಇದಕ್ಕೆ ನಿದರ್ಶನವಾಗಿದೆ.

ಒಂಬತ್ತನೆಯ ವಯಸ್ಸಿನಲ್ಲಿ ಆತನು ರೋಗಪೀಡಿತನಾಗಿ ಹನ್ನೆರಡು ದಿನ ಪ್ರಜ್ಞೆಯಿಲ್ಲದೆ ಮಲಗಿದ್ದನು. ಆಗ ನಾಲ್ಕು ದಿಕ್ಕು, ಆಕಾಶ, ಭೂಮಿಗಳ ಶಕ್ತಿರೂಪರಾದ ಆರು ಮಂದಿ ಪಿತಾಮಹರು ಆತನಿಗೆ ಕಾಣಿಸಿಕೊಂಡರು. ಅನೇಕ ಜನಾಂಗಗಳ ಬಳೆಗಳು ಕೂಡಿ ಒಂದೇ ಮಹಾವರ್ತುಲವಾದುದನ್ನೂ, ಅದರ ನಡುವೆ ಹೂತ ಮರವೊಂದು ಎಲ್ಲರಿಗೂ ನೆರಳಾದುದನ್ನೂ ಬಾಲಕನು ಕಂಡನು.

ಆದರೆ ಅದನ್ನು ಯಾರಿಗೂ ಹೇಳಲಿಲ್ಲ. ಬೆಳೆದಂತೆ ಭಯವೂ ಬೆಳೆಯಿತು; ಗುಡುಗಿನ ದನಿ ಕೇಳಿದರೆ ಸಾಕು, ತನ್ನನ್ನು ಕರೆಯುತ್ತಿದೆಯೆಂದು ನಡುಗುತ್ತಿದ್ದನು. ಹದಿನೇಳರ ಪ್ರಾಯದಲ್ಲಿ ಬ್ಲ್ಯಾಕ್ ರೋಡ್ ಎಂಬ ವೃದ್ಧನಿಗೆ ಎಲ್ಲವನ್ನೂ ಅರುಹಿದನು. ಕಂಡುದನ್ನು ಜನರೆದುರು ಆಚರಿಸಿ ತೋರಿಸದೆ ಬಿಡುಗಡೆಯಿಲ್ಲವೆಂದು ವೃದ್ಧನು ತಿಳಿಸಿದನು. ಅದರಂತೆ 1881ರಲ್ಲಿ ಅಶ್ವನೃತ್ಯವು ನಡೆಯಿತು. ದಿಕ್ಕಿಗೆ ನಾಲ್ಕರಂತೆ ಹದಿನಾರು ಕುದುರೆಗಳು, ಪಿತಾಮಹರ ಸ್ಥಾನದಲ್ಲಿ ಆರು ಮುದುಕರು, ನಾಲ್ವರು ಕನ್ಯೆಯರು, ಸುತ್ತಲೂ ಊರ ಜನ. ಭಯವು ತೊಲಗಿತು. ಮುಂದೆ ಆತನು ರೋಗಿಗಳ ಚಿಕಿತ್ಸೆಯಲ್ಲಿ ತೊಡಗಿದನು.

ಕಾಲವು ಕಠೋರವಾಗಿತ್ತು. 1883ರ ಸರ್ಕಾರಿ ನಿಯಮಗಳು ಆ ಜನರ ಸೂರ್ಯನೃತ್ಯವನ್ನು ಅಪರಾಧವೆಂದು ಸಾರಿದವು. 1890ರ ಡಿಸೆಂಬರ್ 29ರಂದು ವೂಂಡೆಡ್ ನೀ ಎಂಬಲ್ಲಿ ಸೈನಿಕರು ಹೆಂಗಸರು ಮಕ್ಕಳೆನ್ನದೆ ಲಕೋಟರನ್ನು ಕೊಂದರು. ಬ್ಲ್ಯಾಕ್ ಎಲ್ಕ್ ಆ ರಕ್ತಭೂಮಿಯನ್ನು ಕಣ್ಣಾರೆ ಕಂಡನು. 1904ರಲ್ಲಿ ಕ್ರೈಸ್ತದೀಕ್ಷೆ ಪಡೆದು ಉಪದೇಶಕನಾಗಿಯೂ ದುಡಿದನು.

ಆದರೂ ಹಿಂದಿನವರ ಅರಿವು ಅಳಿಯಬಾರದೆಂದು 1931ರಲ್ಲಿ ಕವಿ ಜಾನ್ ನೈಹಾರ್ಟನಿಗೆ ತನ್ನ ದರ್ಶನವನ್ನು ನಿರೂಪಿಸಿದನು. ಮಗ ಬೆನ್ ಅದನ್ನು ಇಂಗ್ಲಿಷಿಗೆ ತಿರುಗಿಸಿದನು. ಗ್ರಂಥವು 1932ರಲ್ಲಿ ಹೊರಬಂದಿತು. ಅದರಲ್ಲಿ ಕವಿಯ ಮಾತುಗಳೂ ಬೆರೆತಿವೆಯೆಂಬುದು 1984ರಲ್ಲಿ ಮೂಲ ಟಿಪ್ಪಣಿಗಳು ಅಚ್ಚಾದಾಗ ವಿಶದವಾಯಿತು. ಲಕೋಟರ ಏಳು ಸಂಸ್ಕಾರಗಳನ್ನು ಕುರಿತು ಆತನು ಹೇಳಿದ ವಿವರಣೆಯನ್ನು ಜೋಸೆಫ್ ಎಪ್ಸ್ ಬ್ರೌನನು 1953ರಲ್ಲಿ ಪ್ರಕಟಿಸಿದನು. ಅಂತರಂಗದಲ್ಲಿ ಶಾಂತಿ ನೆಲೆಸದೆ ಜನಾಂಗಗಳ ನಡುವೆ ಶಾಂತಿ ನೆಲೆಸದೆಂಬುದು ಅಲ್ಲಿಯ ಬೋಧೆ. ಅಷ್ಟರಲ್ಲಿ, 1950ರಲ್ಲಿ, ಆ ಹಿರಿಯನು ಕಾಲವಶನಾಗಿದ್ದನು.

ಆತನ ಕುಲ ಬೇರೆ, ಉಪಾಸನೆ ಬೇರೆ. ಆದರೂ ಅರಿವು ಆಚಾರದಲ್ಲಿಯೇ ಪೂರ್ಣವಾಗುವುದೆಂದು ನಂಬಿದ ಶರಣಮಾರ್ಗದವರಿಗೆ ಈ ಚರಿತ್ರೆ ಅಪರಿಚಿತವೆನಿಸದು. ಬಚ್ಚಿಟ್ಟ ದರ್ಶನವು ಭಯವಾಯಿತು. ಹಂಚಿದ ದರ್ಶನವು ಔಷಧವಾಯಿತು. ನಿತ್ಯ ವಚನಪಠನ ಮಾಡುವ ಸದ್ಭಕ್ತರು ಓದಿದ ಒಂದು ನುಡಿಯನ್ನಾದರೂ ಅಂದಿನ ಕಾಯಕದಲ್ಲಿ, ದಾಸೋಹದಲ್ಲಿ ನಡೆಯಾಗಿಸಲಿ.