ನಿರಾಶ್ರಿತರ ಸೇವೆಯಲ್ಲಿ ಮೇಲ್ವಿಚಾರಕರು ಬದಲಾಗುವ ಸಮಯ

ಒಂದು ಸಂಘಕ್ಕೆ ಹೊಸ ಮೇಲ್ವಿಚಾರಕರು ನೇಮಕವಾದರೆಂಬ ಸುದ್ದಿ ಬಂದಾಗ ನಾವು ಸಾಧಾರಣವಾಗಿ ಕೇಳುವ ಪ್ರಶ್ನೆ ಒಂದೇ: ಅವರು ಎಂಥವರು? ಮೃದುವಾದವರೋ, ಕಠಿಣರೋ, ನಮ್ಮವರ ಪರಿಚಯವಿದ್ದವರೋ? ಈ ಪ್ರಶ್ನೆ ತಪ್ಪೆಂದು ಹೇಳಲಾರೆ. ಆದರೆ ದೇಶಬಿಟ್ಟು ಬಂದವರ ಸೇವೆಗೋಸ್ಕರ ಹುಟ್ಟಿದ ಸಂಘಗಳಲ್ಲಿ ಇದಕ್ಕಿಂತ ಮೊದಲು ಕೇಳತಕ್ಕ ಇನ್ನೊಂದು ಪ್ರಶ್ನೆ ಉಂಟು. ಅದೇನಂದರೆ, ಈ ಮೇಲ್ವಿಚಾರಕರ ಕೈಯಲ್ಲಿರುವ ಅಧಿಕಾರವು ಮುಂದೆ ಯಾರ ಕೈಗೆ ಹೋಗಬೇಕು? ಇದನ್ನು ವಿಚಾರಿಸುವದಕ್ಕೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಹಲಸೂರು ಕೆರೆಯನ್ನು ದಾಟಿ, ಇಂದಿರಾನಗರದ ಪಕ್ಕದ ದೊಮ್ಮಲೂರಿಗೆ ಬಂದರೆ ಅಲ್ಲಿ ಮೈರಾಡ ಎಂಬ ಸಂಸ್ಥೆಯ ಮುಖ್ಯ ಕಚೇರಿಯುಂಟು. ಅದರ ಚರಿತ್ರೆಯನ್ನೇ ಈ ತಿಂಗಳ ಪಾಠವಾಗಿ ತೆಗೆದುಕೊಳ್ಳೋಣ.

ಈ ದಂಡು ಪ್ರದೇಶವೇ ಬಂದವರ ಊರು. ಹಲಸೂರು ಗ್ರಾಮವು ಹಳೆಯದಾದರೂ, 1809ರಲ್ಲಿ ಶ್ರೀರಂಗಪಟ್ಟಣದ ಜ್ವರವನ್ನು ತಾಳಲಾರದೆ ಆಂಗ್ಲ ಸೈನ್ಯವು ಇಲ್ಲಿಗೆ ಬಂದಿಳಿದ ತರುವಾಯ ತಮಿಳುಸೀಮೆಯ ಸಿಪಾಯಿಗಳೂ ವರ್ತಕರೂ ಕೂಲಿಯವರೂ ಅದರ ಹಿಂದೆಯೇ ಬಂದು ನೆಲಸಿದರು. ಈಗಲೂ ಕೃಷ್ಣರಾಜಪುರದ ರೈಲು ನಿಲ್ದಾಣದಲ್ಲಿ ಅರ್ಧ ತಾಸು ನಿಂತರೆ, ಗಂಟುಮೂಟೆ ಹೊತ್ತು ಪೂರ್ವದೇಶಗಳಿಂದ ಕೆಲಸ ಹುಡುಕಿಕೊಂಡು ಬರುವವರನ್ನು ಕಾಣಬಹುದು. ಆದಕಾರಣ ಇಂಥ ಸಂಸ್ಥೆಯ ಕಚೇರಿಯು ಈ ದಿಕ್ಕಿನಲ್ಲಿರುವದು ತಕ್ಕದ್ದೇ ಎಂದು ನನಗೆ ತೋರುತ್ತದೆ.

1959ರಲ್ಲಿ ದಲಾಯಿ ಲಾಮಾ ಅವರು ಟಿಬೇಟನ್ನು ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸುಮಾರು 80,000 ಜನರು ಹಿಮದ ಕಣಿವೆಗಳನ್ನು ದಾಟಿ ಬಂದರು. ಆಗಿನ ಮೈಸೂರು ಸರಕಾರವು ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಅವರಿಗೆ ಬಿಟ್ಟುಕೊಟ್ಟಿತು. 1960ರ ಕೊನೆಯಲ್ಲಿ ಮೊದಲನೆಯ ತಂಡವು ಬಂದು ಸೇರಿತು. ಭೂಮಿ ಎಂದರೆ ಉತ್ತ ಹೊಲವಲ್ಲ, ಕಾಡು. ಶೀತದೇಶದ ಜನರು ಬಿಸಿಲಿನಲ್ಲಿ ಮರ ಕಡಿದರು. ಬೆಳೆ ತಲೆಯೆತ್ತಿದಾಗ ಆನೆಗಳು ಬಂದು ತುಳಿದವು. ಆ ಮೇಲೆ 1966ರಲ್ಲಿ ಮುಂಡಗೋಡಿನಲ್ಲಿಯೂ, ಅನಂತರ ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲಿಯೂ ಅವರಿಗೆ ನೆಲೆಗಳಾದವು.

ಇಷ್ಟು ಜನರನ್ನು ಒಕ್ಕಲುಮಾಡುವ ಕೆಲಸಕ್ಕೆ ಸಹಾಯಕವಾಗಿ 1968ರಲ್ಲಿ ಕ್ಯಾಪ್ಟನ್ ವಿಲಿಯಂ ಡೇವಿನ್ಸನ್ ಎಂಬವರು ಮೈರಾಡವನ್ನು ಸ್ಥಾಪಿಸಿದರು. ಮೈಸೂರು ಪುನರ್ವಸತಿ ಮತ್ತು ಅಭಿವೃದ್ಧಿ ಸಂಸ್ಥೆ ಎಂಬದಕ್ಕೆ ಆಂಗ್ಲಭಾಷೆಯಲ್ಲಿರುವ ಮೊದಲ ಅಕ್ಷರಗಳೇ ಆ ಹೆಸರು. ಸುಮಾರು 15,000 ಟಿಬೇಟಿಯನ್ನರನ್ನು ನೆಲೆಗೊಳಿಸುವದರಲ್ಲಿ ಅದು ಸರಕಾರಕ್ಕೆ ನೆರವಾಯಿತು. 1978ರ ಸುಮಾರಿಗೆ ಅದರ ದೃಷ್ಟಿ ಸುತ್ತಲಿನ ಬಡ ಗ್ರಾಮಸ್ಥರ ಕಡೆಗೂ ತಿರುಗಿತು. 1982ರಷ್ಟಕ್ಕೆ ಟಿಬೇಟಿಯನ್ನರ ಕೆಲಸದಿಂದ ಅದು ಪೂರ್ಣವಾಗಿ ಹಿಂದೆ ಸರಿಯಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಹಿಂದೆ ಸರಿಯುವದೆಂದರೆ ಏನು? ಕಟ್ಟಡ, ವಾಹನ, ನೌಕರರು, ಹಣ ಕಳುಹಿಸುವ ಸ್ನೇಹಿತರು, ಇವೆಲ್ಲಾ ಇರುವಾಗ ಕೆಲಸ ಮುಗಿಯಿತೆಂದು ಹೇಳುವದು ಸುಲಭವಲ್ಲ. ಸಹಾಯ ಮಾಡುವವನಿಗೆ ಸಹಾಯ ಹೊಂದುವವನು ಬೇಕಾಗುತ್ತಾನೆ. ಇದು ಮನುಷ್ಯಸ್ವಭಾವ, ಇದರಲ್ಲಿ ನಮ್ಮ ಸಭೆಗಳ ಸೇವಕರೂ ಹೊರತಲ್ಲ. ಆದರೆ ಟಿಬೇಟಿಯನ್ನರ ನೆಲೆಗಳಲ್ಲಿ ಅವರವರ ಸಹಕಾರ ಸಂಘಗಳು ಬೆಳೆದಿದ್ದವು. ಗೊಬ್ಬರ, ಬೀಜ, ಟ್ರ್ಯಾಕ್ಟರು, ಗೋವಿನ ಜೋಳದ ಮಾರಾಟ ಇವುಗಳನ್ನು ಅವರೇ ನೋಡಿಕೊಳ್ಳುವವರಾದರು. ಇಂದಿಗೂ ಪ್ರತಿ ನೆಲೆಗೆ ಧರ್ಮಶಾಲೆಯಲ್ಲಿರುವ ಅವರ ಆಡಳಿತವು ಒಬ್ಬ ಅಧಿಕಾರಿಯನ್ನು ನೇಮಿಸುತ್ತದೆ. ದಕ್ಷಿಣ ಪ್ರಾಂತ್ಯಕ್ಕೆಲ್ಲಾ ಮುಖ್ಯ ಪ್ರತಿನಿಧಿಯೊಬ್ಬರು ಬೆಂಗಳೂರಿನಲ್ಲಿ ಇರುತ್ತಾರೆ. ಈ ಅಧಿಕಾರಿಗಳು ಬರುತ್ತಾರೆ, ಹೋಗುತ್ತಾರೆ. ಶಿಬಿರದ ಮುಖಂಡನನ್ನಾದರೋ ಅಲ್ಲಿಯ ನಿವಾಸಿಗಳೇ ಆರಿಸುತ್ತಾರೆ. ಮೇಲಿನವರು ಬದಲಾದಾಗ ಕೆಳಗೆ ನಡುಕ ಉಂಟಾಗದಿರುವದಕ್ಕೆ ಇದು ಒಂದು ಕಾರಣವೆಂದು ನಾನು ಭಾವಿಸುತ್ತೇನೆ.

ಹೀಗೆ ಹಳೆಯ ಕೆಲಸ ಮುಗಿದ ಕಾಲದಲ್ಲಿ, 1980ರ ದಶಕದ ಮೊದಲಲ್ಲಿ, ಅಲೋಶಿಯಸ್ ಪ್ರಕಾಶ್ ಫೆರ್ನಾಂಡಿಸ್ ಅವರು ಮೈರಾಡದ ಮುಖ್ಯಸ್ಥರಾದರು. ಆಗ ಸಂಸ್ಥೆಯು ಗ್ರಾಮಗಳಲ್ಲಿ ದೊಡ್ಡ ಸಹಕಾರ ಸಂಘಗಳ ಮೂಲಕ ಸಾಲ ಕೊಡುತ್ತಿತ್ತು. 1984, 85ರಲ್ಲಿ ಕೆಲವು ಸಂಘಗಳು ಒಡೆದವು. ಯಾಕಂದರೆ ಒಬ್ಬನೇ ದೊಡ್ಡ ಮನುಷ್ಯನು ಎಲ್ಲವನ್ನೂ ತನ್ನ ಕೈಯಲ್ಲಿ ಹಿಡಿದಿದ್ದನು, ಲೆಕ್ಕವು ಸದಸ್ಯರಿಗೆ ತಿಳಿಯುತ್ತಿರಲಿಲ್ಲ. ಜನರು ಮೈರಾಡದವರ ಬಳಿಗೆ ಬಂದು, ನಿಮ್ಮ ಹಣವನ್ನು ನಿಮಗೆ ತೀರಿಸುತ್ತೇವೆ, ಆ ಸಂಘಕ್ಕೆ ಮಾತ್ರ ಕೊಡುವದಿಲ್ಲ ಎಂದರು. ಸಂಸ್ಥೆಯವರು ಆ ಹಣವನ್ನು ಕೈಚಾಚಿ ತೆಗೆದುಕೊಂಡಿದ್ದರೆ ಯಾರು ಬೇಡವೆನ್ನುತ್ತಿದ್ದರು? ಅವರು ಹಾಗೆ ಮಾಡಲಿಲ್ಲ. ನೀವು ನಂಬುವ ನಿಮ್ಮ ಚಿಕ್ಕ ಗುಂಪಿಗೇ ತೀರಿಸಿರಿ ಎಂದು ಉತ್ತರಕೊಟ್ಟರು.

ಈ ಒಂದು ಉತ್ತರದಿಂದ ಬಹಳ ಸಂಗತಿಗಳು ಹುಟ್ಟಿದವು. ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿರುವ ಹದಿನೈದು ಇಪ್ಪತ್ತು ಮಂದಿ ಕೂಡುವದು. ವಾರವಾರ ಉಳಿತಾಯ ಹಾಕುವದು. ಯಾರಿಗೆ ಸಾಲ, ಎಷ್ಟು ಬಡ್ಡಿ ಎಂಬದನ್ನು ತಾವೇ ತೀರ್ಮಾನಿಸುವದು. ಮುಂದಾಳುತನವನ್ನು ಒಬ್ಬರಲ್ಲಿಯೇ ನಿಲ್ಲಿಸದೆ ಸರದಿಯ ಮೇಲೆ ಬದಲಿಸುವದು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ ಹತ್ತು ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ದೇಶದಲ್ಲೆಲ್ಲಾ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಯೋಜನೆ ಆರಂಭವಾಯಿತು. ನಮ್ಮ ಗ್ರಾಮಗಳಲ್ಲಿ ಸಹೋದರಿಯರು ಸಂಘಕ್ಕೆ ಹೋಗಿಬರುತ್ತೇನೆ ಎಂದು ಹೇಳಿ ಹೊರಡುತ್ತಾರಲ್ಲಾ, ಆ ಸಂಘದ ಬೇರುಗಳಲ್ಲಿ ಇದೂ ಒಂದು. ಫೆರ್ನಾಂಡಿಸ್ ಅವರಿಗೆ 2000ದಲ್ಲಿ ಪದ್ಮಶ್ರೀ ಬಂತು. ಅವರು ಎರಡು ದಶಕಗಳಿಗೂ ಹೆಚ್ಚು ಕಾಲ ಆ ಸ್ಥಾನದಲ್ಲಿದ್ದು ಬಿಟ್ಟುಕೊಟ್ಟರು. ಚಿಕ್ಕ ಗುಂಪುಗಳಿಗೆ ಸರದಿಯನ್ನು ಕಲಿಸಿದ ಸಂಸ್ಥೆಯಲ್ಲಿ ಮುಖ್ಯಸ್ಥರು ಇಷ್ಟು ದೀರ್ಘಕಾಲ ಇದ್ದರಲ್ಲಾ ಎಂದು ಕೇಳುವವರು ಕೇಳಬಹುದು; ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಕಾಲದಲ್ಲಿ ಸಂಸ್ಥೆಯು ತನ್ನ ಅಧಿಕಾರವನ್ನು ಪ್ರಾಂತ್ಯಗಳಿಗೆ ಹಂಚುತ್ತಾ ಬಂತೆಂಬದನ್ನೂ ಹೇಳಬೇಕು. ಕಾವೇರಿ ಪ್ರಾದೇಶಿಕ ಸಂಸ್ಥೆಯಂಥವು ಮೈರಾಡದಿಂದ ಬೇರೆಯಾಗಿ ತಮ್ಮ ಕಾಲಮೇಲೆ ನಿಂತವು. ಸುಮಾರು ನೂರು ಸಂಘಗಳು ಸೇರಿ, ತಮ್ಮ ಚಂದಾ ಹಣದಿಂದಲೇ ನಡಿಸುವ ಸಂಪನ್ಮೂಲ ಕೇಂದ್ರಗಳೂ ಹುಟ್ಟಿದವು.

ಈಗ ನಮ್ಮ ಊರಿನ ಮಾತು. ನನಗೆ ಗೊತ್ತಿರುವ ಒಂದು ಗ್ರಾಮದಲ್ಲಿ ಒಬ್ಬ ತಾಯಿ ಹನ್ನೊಂದು ವರುಷ ಸಂಘದ ಪ್ರತಿನಿಧಿಯಾಗಿದ್ದರು. ಬಹು ಪ್ರಾಮಾಣಿಕರು, ಒಂದು ಕಾಸೂ ಮುಟ್ಟಿದವರಲ್ಲ. ಅಮ್ಮನೇ ನೋಡಿಕೊಳ್ಳುತ್ತಾರೆ ಎಂದು ಉಳಿದವರು ಹೆಬ್ಬೆಟ್ಟು ಒತ್ತಿ ಮನೆಗೆ ಹೋಗುತ್ತಿದ್ದರು. ಆಕೆಗೆ ಪಾರ್ಶ್ವವಾಯು ಬಡಿದ ದಿನ, ನಡವಳಿ ಪುಸ್ತಕವನ್ನು ಓದಬಲ್ಲವರು ಒಬ್ಬರೂ ಇರಲಿಲ್ಲ. ಮೂರು ತಿಂಗಳು ಕಂತು ನಿಂತಿತು. ಬ್ಯಾಂಕಿನಿಂದ ಕಾಗದ ಬಂತು. ಅದೇ ಸಂಘದಲ್ಲಿ ಇಟ್ಟಿಗೆಗೂಡಿನ ಕೆಲಸಕ್ಕೆ ಬಂದು ಊರಿನಲ್ಲಿಯೇ ಉಳಿದುಕೊಂಡ ಕುಟುಂಬದ ಸೊಸೆಯೊಬ್ಬಳು ಇದ್ದಳು. ಅವಳ ಮಾತು ತೆಲುಗು. ಕನ್ನಡವನ್ನು ಇಲ್ಲಿಗೆ ಬಂದಮೇಲೆ ಮಗನ ಶಾಲೆಯ ಪುಸ್ತಕದಿಂದ ಕಲಿತವಳು. ಅವಳ ಹೆಸರನ್ನು ಯಾರೋ ಎತ್ತಿದಾಗ, ಹೊರಗಿನವಳಿಗೆ ಪುಸ್ತಕ ಕೊಡುವದೇ ಎಂದು ಇಬ್ಬರು ಎದ್ದುಹೋದರು. ಹಾಸಿಗೆಯಲ್ಲಿದ್ದ ಆ ತಾಯಿಯನ್ನು ಕೇಳಿದರು. ಆಕೆಗೆ ಮಾತು ಬರುತ್ತಿರಲಿಲ್ಲ. ದಿಂಬಿನ ಕೆಳಗಿದ್ದ ಬೀಗದ ಕೈಯನ್ನು ಎಡಗೈಯಿಂದ ಎಳೆದು ಆ ಸೊಸೆಯ ಕಡೆಗೆ ನೂಕಿದರು.

ಮೊದಲನೆಯ ಕೂಟ ಎರಡು ತಾಸು ನಡೆಯಿತು. ಅವಳು ಪ್ರತಿಯೊಬ್ಬಳ ಹೆಸರನ್ನೂ ಬಾಕಿಯನ್ನೂ ಗಟ್ಟಿಯಾಗಿ ಓದಿದಳು, ತಡವರಿಸಿ ಓದಿದಳು, ನಕ್ಕವರೂ ಉಂಟು. ಲೆಕ್ಕದಲ್ಲಿ 340 ರೂಪಾಯಿ ಕಡಿಮೆ ಬಂತು. ಎರಡನೆಯ ಸಾರಿ ಓದಿದಾಗ, ಎದ್ದುಹೋಗಿದ್ದವರಲ್ಲಿ ಒಬ್ಬಳು ಬಾಗಿಲಲ್ಲಿಯೇ ನಿಂತು, ಅದು ನನ್ನ ಹೋದ ವರುಷದ ಕಂತು, ಕೊಡುವದಿದೆ ಎಂದು ಹೇಳಿ ಒಳಗೆ ಬಂದು ಕೂತಳು.