ಮಾತು ಕೇಳದವರಿಗೆ ಟೇಸರ್ ಏಟು: ಅಮೆರಿಕದ ಕಾನೂನು ಏನನ್ನುತ್ತದೆ?

2004ರ ನವೆಂಬರಿನಲ್ಲಿ ಅಮೆರಿಕದ ಸಿಯಾಟಲ್ ನಗರದ ಪೊಲೀಸರು ಶಾಲಾ ವಲಯವೊಂದರಲ್ಲಿ ಕಾರೊಂದನ್ನು ತಡೆದರು. ಗಂಟೆಗೆ 20 ಮೈಲಿ ಮಿತಿಯಿದ್ದಲ್ಲಿ 32ರ ವೇಗದಲ್ಲಿ ಬಂದಿತ್ತೆಂಬುದು ಆರೋಪ. ಚಾಲಕಿ ಏಳು ತಿಂಗಳ ಗರ್ಭಿಣಿ, ಮಗನನ್ನು ಶಾಲೆಗೆ ಕರೆದೊಯ್ಯುತ್ತಿದ್ದರು. ದಂಡದ ಚೀಟಿಗೆ ಸಹಿ ಹಾಕಿದರೆ ತಪ್ಪೊಪ್ಪಿಕೊಂಡಂತಾಗುತ್ತದೆಂದು ಅವರು ಸಹಿ ಹಾಕಲಿಲ್ಲ, ಬಂಧಿಸುತ್ತೇವೆಂದಾಗ ಕಾರಿನಿಂದ ಇಳಿಯಲೂ ಇಲ್ಲ. ಪೊಲೀಸರು ವಿದ್ಯುತ್ ಆಘಾತ ಕೊಡುವ ಟೇಸರ್ ಯಂತ್ರ ತೋರಿಸಿದಾಗ ತಾನು ಗರ್ಭಿಣಿಯೆಂದು ತಿಳಿಸಿದರು. ಮೈಯ ಯಾವ ಭಾಗಕ್ಕೆ ಹಿಡಿಯುವುದೆಂದು ಪೊಲೀಸರು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಹೊಟ್ಟೆ ಬೇಡವೆಂದು ತೀರ್ಮಾನಿಸಿ, ತೊಡೆಗೆ, ತೋಳಿಗೆ, ಕುತ್ತಿಗೆಗೆ ಹೀಗೆ ಮೂರು ಸಲ ಏಟು ಕೊಟ್ಟರು. ಅಷ್ಟರಲ್ಲಾಗಲೇ ಕಾರಿನ ಕೀಲಿಯನ್ನು ಕಿತ್ತು ಕೆಳಗೆ ಹಾಕಿಯಾಗಿತ್ತು. ಕಾರು ಎಲ್ಲಿಗೂ ಓಡುವಂತಿರಲಿಲ್ಲ. ಅಪಾಯ ತಡೆಯಲೆಂದು ಪೊಲೀಸರ ಕೈಗೆ ಕೊಟ್ಟ ಆಯುಧ ಇಲ್ಲಿ ಬಳಕೆಯಾದದ್ದು ಹೇಳಿದ ಮಾತು ಕೇಳಿಸುವುದಕ್ಕೆ. ಇವೆರಡೂ ಬೇರೆಬೇರೆ ಎಂಬುದನ್ನು ಕಾನೂನು ಒಪ್ಪುತ್ತದೆ. ಆದರೆ ಹಾಗೆ ಒಪ್ಪಿದ ಮಾತ್ರಕ್ಕೆ ಏಟು ತಿಂದವರಿಗೆ ಪರಿಹಾರ ಸಿಗುವುದಿಲ್ಲ.

ಟೇಸರನ್ನು ಎರಡು ಬಗೆಯಲ್ಲಿ ಬಳಸುತ್ತಾರೆ. ದೂರದಿಂದ ಹಾರಿಸಿದರೆ ತಂತಿ ಕಟ್ಟಿದ ಎರಡು ಮುಳ್ಳುಗಳು ಮೈಗೆ ಚುಚ್ಚಿಕೊಂಡು, ಸಾಮಾನ್ಯವಾಗಿ ಐದು ಸೆಕೆಂಡು ಸ್ನಾಯುಗಳೆಲ್ಲ ಬಿಗಿದು, ಮನುಷ್ಯ ನಿಂತಲ್ಲೇ ಬೀಳುತ್ತಾನೆ. ಬೀಳುವಾಗ ಕೈ ಊರಲೂ ಆಗುವುದಿಲ್ಲ. 2005ರಲ್ಲಿ ಕ್ಯಾಲಿಫೋರ್ನಿಯಾದ ಕೊರೊನಾಡೊದಲ್ಲಿ ಸೀಟ್ ಬೆಲ್ಟ್ ಹಾಕಿಲ್ಲವೆಂದು ತಡೆಯಲಾದ 21 ವರ್ಷದ ಯುವಕ ಕಾರಿನಿಂದಿಳಿದು ತನ್ನ ಮೇಲೇ ಸಿಟ್ಟಾಗಿ ಕೂಗಾಡುತ್ತ ನಿಂತಿದ್ದ. ಮೈಮೇಲಿದ್ದದ್ದು ಒಳಚಡ್ಡಿ ಮತ್ತು ಬೂಟು ಮಾತ್ರ, ಅಧಿಕಾರಿಗೂ ಅವನಿಗೂ 20 ಅಡಿಗೆ ಕಡಿಮೆಯಿಲ್ಲದ ಅಂತರ. ಎಚ್ಚರಿಕೆ ಕೊಡದೆ ಟೇಸರ್ ಹಾರಿಸಿದ್ದರಿಂದ ಮುಖ ಅಡಿಯಾಗಿ ಬಿದ್ದು ಮುಂದಿನ ನಾಲ್ಕು ಹಲ್ಲು ಮುರಿದವು. ಎರಡನೆಯ ಬಗೆ ಯಂತ್ರವನ್ನು ನೇರವಾಗಿ ಮೈಗೆ ಒತ್ತಿ ಹಿಡಿಯುವುದು. ಸಿಯಾಟಲ್‌ನಲ್ಲಿ ಮಾಡಿದ್ದು ಇದನ್ನೇ. ಇದರಿಂದ ದೇಹ ಸ್ತಬ್ಧವಾಗುವುದಿಲ್ಲ, ಬರೀ ನೋವಾಗುತ್ತದೆ. ನೋವನ್ನು ಬಿಟ್ಟು ಬೇರೆ ಪರಿಣಾಮವೇ ಇಲ್ಲದ ಈ ಬಗೆಯನ್ನು ಕಾರಿನೊಳಗೆ ಕುಳಿತವರ ಮೇಲೆ ಬಳಸಿದರೆ ಅದನ್ನು ಆತ್ಮರಕ್ಷಣೆ ಎನ್ನುವುದು ಬಲು ಕಷ್ಟ.

ಬಲಪ್ರಯೋಗವನ್ನು ಅಳೆಯುವ ಮಾನದಂಡ ಅಮೆರಿಕದ ಸುಪ್ರೀಂ ಕೋರ್ಟಿನ 1989ರ ಗ್ರಹಾಂ ವಿರುದ್ಧ ಕಾನರ್ ತೀರ್ಪಿನದು. ಆರೋಪಿತ ಅಪರಾಧ ಎಷ್ಟು ಗಂಭೀರ, ವ್ಯಕ್ತಿಯಿಂದ ತಕ್ಷಣದ ಅಪಾಯವಿತ್ತೆ, ಅವನು ಬಂಧನವನ್ನು ಸಕ್ರಿಯವಾಗಿ ಪ್ರತಿರೋಧಿಸಿದನೆ ಅಥವಾ ಓಡಲು ನೋಡಿದನೆ, ಇವನ್ನು ಸ್ಥಳದಲ್ಲಿದ್ದ ವಿವೇಕಿ ಅಧಿಕಾರಿಯ ಕಣ್ಣಿನಿಂದ ತೂಗಬೇಕು. ಈ ತಕ್ಕಡಿಯಲ್ಲಿಟ್ಟು ನೋಡಿದ ಈ ಎರಡೂ ಊರುಗಳು ಸೇರುವ ಒಂಬತ್ತನೇ ವಲಯದ ಒಕ್ಕೂಟ ಮೇಲ್ಮನವಿ ನ್ಯಾಯಾಲಯ 2010ರಲ್ಲಿ ಕೊರೊನಾಡೊ ಪ್ರಕರಣದಲ್ಲೂ 2011ರಲ್ಲಿ ಸಿಯಾಟಲ್ ಪ್ರಕರಣದಲ್ಲೂ, ದೂರುದಾರರು ಹೇಳಿದಂತೆಯೇ ನಡೆದಿದ್ದರೆ ಬಲ ಮಿತಿಮೀರಿತ್ತು ಎಂದಿತು. ಆದರೂ ಎರಡರಲ್ಲೂ ಅಧಿಕಾರಿಗಳು ಸಂವಿಧಾನದಡಿಯ ದಾವೆಯಿಂದ ಪಾರಾದರು. ಘಟನೆ ನಡೆದಾಗ ಟೇಸರ್ ಕುರಿತ ಕಾನೂನು ಸ್ಪಷ್ಟವಾಗಿ ನೆಲೆಗೊಂಡಿರಲಿಲ್ಲವೆಂದು ಅವರಿಗೆ ವಿನಾಯಿತಿ ದೊರೆಯಿತು. ಹಕ್ಕಿನ ಉಲ್ಲಂಘನೆಯಾಗಿದೆ, ಅಧಿಕಾರಿ ಮಾತ್ರ ಹೊಣೆಯಲ್ಲ ಎಂಬ ಈ ನಿಲುವು ನನಗೆ ಅನ್ಯಾಯವಾಗಿ ಕಾಣುತ್ತದೆ. ಇನ್ನು ಜಾರ್ಜಿಯಾ, ಫ್ಲಾರಿಡಾಗಳಿರುವ ಹನ್ನೊಂದನೇ ವಲಯದಲ್ಲಿ, ಕಾಗದಪತ್ರ ತರಲು ಹಲವು ಸಲ ಹೇಳಿದರೂ ತರದೆ ರೇಗಾಡಿದ ಟ್ರಕ್ ಚಾಲಕನ ಮೇಲೆ ಟೇಸರ್ ಬಳಸಿದ್ದು ಸರಿಯೆಂದು 2004ರಲ್ಲೇ ತೀರ್ಪಾಗಿದೆ. ಯಾವ ರಾಜ್ಯದ ರಸ್ತೆಯಲ್ಲಿದ್ದೀರಿ ಎಂಬುದೂ ಹೀಗೆ ಮುಖ್ಯವಾಗುತ್ತದೆ.

ಪಿಸ್ತೂಲಿಗಿಂತ ಟೇಸರ್ ಮೇಲಲ್ಲವೆ ಎಂದು ಕೇಳುವವರಿದ್ದಾರೆ. ಪಿಸ್ತೂಲು ತೆಗೆಯಲೇಬೇಕಾದ ಸಂದರ್ಭದಲ್ಲಿ ಖಂಡಿತ ಮೇಲು. ಅದರಿಂದ ಉಳಿದ ಜೀವಗಳೂ ಇವೆ. ಆದರೆ ಸಹಿ ಹಾಕದವರ ಮೇಲೆ ಯಾರೂ ಪಿಸ್ತೂಲು ಹಾರಿಸುತ್ತಿರಲಿಲ್ಲ. ಅಲ್ಲಿ ಟೇಸರ್ ಬಂದದ್ದು ಸಮಾಧಾನದ ಮಾತು, ಇನ್ನೊಬ್ಬ ಸಿಬ್ಬಂದಿಯ ನೆರವು, ಸ್ವಲ್ಪ ಕಾಯುವಿಕೆ ಇವುಗಳ ಜಾಗಕ್ಕೆ. ವಾಹನ ತಡೆಯುವುದು ಪೊಲೀಸರಿಗೂ ಪ್ರಾಣಾಪಾಯದ ಕೆಲಸ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಕಿಟಕಿಯ ಹಿಂದೆ ಯಾರ ಕೈಯಲ್ಲಿ ಏನಿದೆಯೋ ಅವರಿಗೆ ತಿಳಿಯದು, ಗುಂಡೇಟಿಗೆ ಸತ್ತವರಿದ್ದಾರೆ. ಗ್ರಹಾಂ ತೀರ್ಪು ಕ್ಷಣಾರ್ಧದ ನಿರ್ಧಾರಗಳಿಗೆ ರಿಯಾಯಿತಿ ಕೊಟ್ಟಿರುವುದು ಈ ಕಾರಣಕ್ಕೇ. ಎಲ್ಲಿಗೆ ಹಿಡಿಯೋಣವೆಂದು ಚರ್ಚಿಸುವಷ್ಟು ಬಿಡುವಿದ್ದಲ್ಲಿ ಆ ರಿಯಾಯಿತಿಗೆ ಆಧಾರವಿಲ್ಲ. ಆಜ್ಞೆ ಮೀರಿದ್ದು ಅಪರಾಧವಾದರೆ ಅದಕ್ಕೆ ದಂಡವಿದೆ, ಬಂಧನವಿದೆ. ಶಿಕ್ಷೆ ಕೊಡುವ ಅಧಿಕಾರ ನ್ಯಾಯಾಧೀಶರದು.

ಅಮೆರಿಕದಲ್ಲಿ ಗಾಡಿ ಓಡಿಸುವ ಕನ್ನಡಿಗರು, ಮಕ್ಕಳನ್ನು ನೋಡಲು ಹೋದ ಅಪ್ಪ ಅಮ್ಮಂದಿರು ಒಂದು ಅಭ್ಯಾಸವನ್ನು ಬಿಡಲೇಬೇಕು. ನಮ್ಮಲ್ಲಿ ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಾಕಿದರೆ ಗಾಡಿ ಬದಿಗೆ ಹಾಕಿ, ಕಾಗದಪತ್ರ ಹಿಡಿದು, ಇಳಿದು ಅವರ ಬಳಿಗೇ ಹೋಗುವುದು ರೂಢಿ, ಅದೇ ಮರ್ಯಾದೆ ಕೂಡ. ಅಮೆರಿಕದಲ್ಲಿ ತಾನಾಗಿ ಇಳಿದು ಬರುವವನನ್ನು ಪೊಲೀಸರು ಮೈಮೇಲೆ ಬರುವವನೆಂದೇ ಭಾವಿಸಬಹುದು. ಆದ್ದರಿಂದ ಒಳಗೇ ಕುಳಿತು ಎರಡೂ ಕೈ ಸ್ಟೀರಿಂಗ್ ಮೇಲಿಡಿ. ಲೈಸೆನ್ಸು, ನೋಂದಣಿ, ವಿಮೆಯ ಕಾಗದ ಎಲ್ಲಿವೆಯೆಂದು ಹೇಳಿ, ಆಮೇಲೆ ಕೈ ಹಾಕಿ. ಇಳಿಯಿರಿ ಎಂದರೆ ಮಾತ್ರ ಇಳಿಯಲೇಬೇಕು: ಆ ಅಧಿಕಾರ ಪೊಲೀಸರಿಗಿದೆಯೆಂದು ಸುಪ್ರೀಂ ಕೋರ್ಟು ಚಾಲಕರ ವಿಷಯದಲ್ಲಿ 1977ರಲ್ಲಿ, ಪ್ರಯಾಣಿಕರ ವಿಷಯದಲ್ಲಿ 1997ರಲ್ಲಿ ಹೇಳಿದೆ. ಕಾರು ಶೋಧಿಸಲು ಒಪ್ಪಿಗೆ ಕೇಳಿದರೆ ನನ್ನ ಒಪ್ಪಿಗೆಯಿಲ್ಲ ಎನ್ನಬಹುದು, ಅಡ್ಡ ನಿಲ್ಲಬಾರದು. ಚೀಟಿಗೆ ಹಾಕುವ ಸಹಿ ಸಾಮಾನ್ಯವಾಗಿ ತಪ್ಪೊಪ್ಪಿಗೆಯಲ್ಲ, ಹಾಜರಾಗುತ್ತೇನೆ ಅಥವಾ ಉತ್ತರಿಸುತ್ತೇನೆ ಎಂಬ ಭರವಸೆ ಅಷ್ಟೆ. ಅನ್ಯಾಯದ ಚೀಟಿಗೂ ಸಹಿ ಹಾಕಿ, ಜಗಳವನ್ನು ನ್ಯಾಯಾಲಯಕ್ಕೆ ಉಳಿಸಿಕೊಳ್ಳಿ.

ಏಟು ಬಿದ್ದೇಬಿಟ್ಟರೆ ಮೊದಲು ವೈದ್ಯರ ಬಳಿಗೆ ಹೋಗಿ. ಮುಳ್ಳು ಚುಚ್ಚಿದ, ಸುಟ್ಟ ಗುರುತುಗಳು ಮಾಯುವ ಮುನ್ನ ಫೋಟೊ ತೆಗೆಸಿ. ಟೇಸರಿನ ಗುಂಡಿಯನ್ನು ಎಷ್ಟು ಹೊತ್ತಿಗೆ ಒತ್ತಿದರೆಂಬುದು ಯಂತ್ರದಲ್ಲೇ ದಾಖಲಾಗುತ್ತದೆ. ಆ ದಾಖಲೆಯನ್ನೂ ಪೊಲೀಸರ ಕ್ಯಾಮೆರಾದ ದೃಶ್ಯವನ್ನೂ ಅಳಿಸದೆ ಕಾಯ್ದಿಡುವಂತೆ ವಕೀಲರ ಮೂಲಕ ಬರೆದು ಕೇಳಿ. ಮಿತಿಮೀರಿದ ಬಲಪ್ರಯೋಗದ ವಿರುದ್ಧ ಅಮೆರಿಕದ ಸಂವಿಧಾನದ ನಾಲ್ಕನೇ ತಿದ್ದುಪಡಿ ಕೊಡುವ ರಕ್ಷಣೆ ವೀಸಾದಲ್ಲಿರುವವರಿಗೂ ಇದೆ, ಬಂಧನವಾದರೆ ಭಾರತೀಯ ಕಾನ್ಸುಲೇಟಿಗೆ ತಿಳಿಸಿರೆಂದು ಕೇಳುವ ಹಕ್ಕೂ ಇದೆ. ಇಂಥ ಪ್ರಕರಣಗಳಲ್ಲಿ ಬಂಧನಕ್ಕೆ ಪ್ರತಿರೋಧ ತೋರಿದ ಆರೋಪವನ್ನೂ ಸೇರಿಸುವುದು ಸಾಮಾನ್ಯ. ಕೇಸು ಬೇಗ ಮುಗಿಯಲೆಂದು ಅದನ್ನು ಒಪ್ಪಿಕೊಂಡರೆ, ಸುಪ್ರೀಂ ಕೋರ್ಟಿನ 1994ರ ಹೆಕ್ ತೀರ್ಪಿನಿಂದಾಗಿ ಮುಂದೆ ಪರಿಹಾರದ ದಾವೆಯೇ ಬಿದ್ದುಹೋಗಬಹುದು, ವೀಸಾಕ್ಕೂ ತೊಡಕಾಗಬಹುದು. ಆದ್ದರಿಂದ ವಕೀಲರನ್ನು ಕೇಳದೆ ಯಾವ ಒಪ್ಪಂದಕ್ಕೂ ಸಹಿ ಹಾಕಬೇಡಿ. ಪರಿಹಾರದ ದಾವೆ ಹೂಡುವುದು ಒಕ್ಕೂಟದ ಕಾನೂನಿನ 1983ನೇ ಸೆಕ್ಷನ್ನಿನಡಿ. ಕ್ಯಾಲಿಫೋರ್ನಿಯಾದಲ್ಲೂ ಟೆಕ್ಸಾಸ್‌ನಲ್ಲೂ ಇದಕ್ಕೆ ಎರಡು ವರ್ಷಗಳ ಗಡುವು. ಕ್ಯಾಲಿಫೋರ್ನಿಯಾದ ರಾಜ್ಯ ಕಾನೂನಿನಡಿಯೂ ಹಣ ಕೇಳುವುದಾದರೆ ಆರು ತಿಂಗಳೊಳಗೆ ಆ ನಗರಾಡಳಿತಕ್ಕೆ ಲಿಖಿತ ಬೇಡಿಕೆ ಸಲ್ಲಿಸಿರಬೇಕು.